ಸ್ಕಿನ್ ಕಲರ್ ತೋಳು

ಮೊಮ್ಮಗಳಿಗೆ ದೊರೆಯ ಪಾರ್ಟು ಸಿಕ್ಕ ದಿನ ನಾನು ಒಂದು ಬ್ಲೌಸಿಗೆ ಎರಡೂ ಕಡೆ ಎಡಗೈಯ ತೋಳನ್ನೇ ಕೂಡಿಸಿಬಿಟ್ಟೆ. ನಲವತ್ತು ವರ್ಷ ಮೆಷಿನ್ ತುಳಿದವಳು ಮಾಡುವ ತಪ್ಪಲ್ಲ ಅದು. ಏನು ಮಾಡಲಿ, ಖುಷಿಗೆ ಕೈ ನನ್ನ ಮಾತು ಕೇಳಲಿಲ್ಲ. ಅವಳು ಸ್ಕೂಲ್ ಬ್ಯಾಗನ್ನು ಅಂಗಡಿಯ ಬಾಗಿಲಲ್ಲೇ ಎಸೆದು, “ಅಜ್ಜೀ, ಎಂಟನೇ ಕ್ಲಾಸಿನ ಮೂರೂ ಸೆಕ್ಷನ್‌ನೋರು ಟ್ರೈ ಮಾಡಿದ್ರು. ದೊರೆ ನಾನೇ!” ಎಂದು ಕೂಗಿದ್ದು ರಸ್ತೆಯಾಚೆಯ ಬೇಕರಿಗೂ ಕೇಳಿಸಿತು.

ಬೇಕರಿಯವನು ಅಲ್ಲಿಂದಲೇ, “ಏನಜ್ಜಿ, ಇನ್ಮೇಲೆ ನಿಮ್ಮನ್ನ ದೊರೆ ಅಜ್ಜಿ ಅನ್ಬೇಕಾ?” ಎಂದ.

“ಅನ್ನಪ್ಪ, ಬಾಯ್ತುಂಬ ಅನ್ನು” ಎಂದೆ.

ಬನಶಂಕರಿ ಎರಡನೇ ಹಂತದಲ್ಲಿ ಒಂದು ಮನೆಯ ಕಾರ್ ಶೆಡ್ಡೇ ನನ್ನ ಅಂಗಡಿ. ಸೀರೆಗೆ ಫಾಲ್ ಹಚ್ಚುವುದು, ಬ್ಲೌಸು ಹೊಲಿಯುವುದು, ಡಿಸೆಂಬರ್ ಬಂತೆಂದರೆ ಸುತ್ತಲಿನ ಶಾಲೆಗಳ ನಾಟಕ, ಡ್ಯಾನ್ಸುಗಳಿಗೆ ಬಟ್ಟೆ ಮಾಡಿಕೊಡುವುದು. ಓದಿದ್ದು ನಾಲ್ಕನೇ ಕ್ಲಾಸು. ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಮೈಕಿನ ಮುಂದೆ ನಿಂತವರಲ್ಲ. ಹಾಗಾಗಿ ನಮ್ಮ ಹುಡುಗಿ ದೊರೆಯಾಗುತ್ತಾಳೆ ಅಂದಾಗ, ಆ ದೊರೆ ಒಳ್ಳೆಯವನೋ ಕೆಟ್ಟವನೋ ಅಂತಲೂ ನಾನು ಕೇಳಲಿಲ್ಲ.

ಕೇಳಿದ್ದು ಆಮೇಲೆ. ನಾಟಕ ಬರೆದವರು ಅವಳ ಇತಿಹಾಸದ ಮೇಡಂ. ಬ್ರಿಟಿಷರ ಕಾಲದಲ್ಲಿ ಒಬ್ಬ ಬಿಳಿಯ ಅಧಿಕಾರಿ ಒಂದು ಹಳ್ಳಿಗೆ ಬರುತ್ತಾನೆ. ಊರಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಟೇಪಿನಿಂದ ತಲೆ ಅಳೆಯುತ್ತಾನೆ, ಹಿತ್ತಾಳೆಯ ಕೈವಾರದಿಂದ ಮೂಗು ಅಳೆಯುತ್ತಾನೆ, ಬಣ್ಣದ ಕಾರ್ಡನ್ನು ಕೈಯ ಪಕ್ಕ ಹಿಡಿದು ಚರ್ಮಕ್ಕೆ ನಂಬರ್ ಕೊಡುತ್ತಾನೆ. ಇವನು ಈ ಕುಲ, ಇವನು ಆ ಜಾತಿ, ಇವನು ಇಷ್ಟಕ್ಕೆ ಲಾಯಕ್ಕು ಎಂದು ಪುಸ್ತಕದಲ್ಲಿ ಬರೆಯುತ್ತಾನೆ. ಕೊನೆಯಲ್ಲಿ ಊರಿನ ಒಬ್ಬ ಮುದುಕಿ, “ದೊರೆಗಳೇ, ನಿಮ್ಮ ಮೂಗು ಅಳೆದವರು ಯಾರು?” ಎಂದು ಕೇಳುತ್ತಾಳೆ. ಅಷ್ಟೇ ನಾಟಕ. ಹೀಗೆ ಅಳೆದವರು ನಿಜವಾಗಲೂ ಇದ್ದರಂತೆ.

“ಟೇಪು ಹಿಡಿಯೋದು ನಿಂಗೇನು ಹೊಸದಾ? ನನ್ನ ಮೊಮ್ಮಗಳು” ಎಂದು ನಕ್ಕೆ.

ಬಟ್ಟೆಯ ಆರ್ಡರು ನನಗೇ ಬಂತು. ನಾಟಕ ಮಾಡಿಸುವ ಮೇಷ್ಟ್ರು ಕಳಿಸಿದ ಪಟ್ಟಿಯಲ್ಲಿ ಊರಿನವರಿಗೆ ಹದಿನಾಲ್ಕು ಜೊತೆ ಬಟ್ಟೆ, ದೊರೆಗೆ ಬಿಳಿ ಡ್ರಿಲ್ ಬಟ್ಟೆಯ ಕೋಟು, ಪ್ಯಾಂಟು ಇತ್ತು. ಕೊನೆಯ ಸಾಲು ಹೀಗಿತ್ತು: “ದೊರೆಗೆ ಸ್ಕಿನ್ ಕಲರ್ ಇನ್ನರ್, ಉದ್ದ ತೋಳು, ಮುಚ್ಚಿದ ಕತ್ತು, ಒಂದು.”

ಇನ್ನರ್ ಅಂದರೆ ಮೈಗೆ ಅಂಟಿಕೊಂಡಂತೆ ಒಳಗೆ ಹಾಕುವ ಬನಿಯನ್ ಬಟ್ಟೆಯ ಅಂಗಿ. ಡ್ಯಾನ್ಸಿನ ಮಕ್ಕಳಿಗೆ ಬೆನ್ನು, ತೋಳು ಬಿಟ್ಟ ಬ್ಲೌಸು ಇದ್ದರೆ ಅಪ್ಪ ಅಮ್ಮ ಕೇಳಿ ಹೊಲಿಸುತ್ತಾರೆ. ಮ್ಯಾಚಿಂಗ್ ಸೆಂಟರಿನಲ್ಲಿ ‘ಸ್ಕಿನ್ ಕಲರ್’ ಅಂದರೆ ಒಂದೇ ಥಾನು ತೆಗೆದು ಹಾಕುತ್ತಾರೆ. ಹಾಲು ಜಾಸ್ತಿಯಾದ ಚಹಾಕ್ಕೆ ಒಂಚೂರು ಗುಲಾಬಿ ಬೆರೆಸಿದ ಹಾಗಿರುತ್ತದೆ. ನಮ್ಮ ಎಷ್ಟೋ ಮಕ್ಕಳ ಮೈಮೇಲೆ ಅದು ಗಾಯಕ್ಕೆ ಪಟ್ಟಿ ಸುತ್ತಿದಂತೆ ಕಾಣುತ್ತದೆ. ಹೀಗಾಗಿ ಎಷ್ಟೋ ವರ್ಷದ ಹಿಂದೆಯೇ ನಾನು ಬಿಳಿ ಬಟ್ಟೆ ತಂದು ಆಯಾ ಮಗುವಿನ ಕೈಗೆ ಹೊಂದುವಂತೆ ಡೈ ಮಾಡಿಸಿ ಹೊಲಿಯಲು ಶುರು ಮಾಡಿದ್ದೆ. ಹಾಕಿಕೊಂಡಿದ್ದಾರೆ ಅಂತಲೇ ಗೊತ್ತಾಗಬಾರದು, ಅದು ನನ್ನ ಕಸುಬಿನ ಹೆಮ್ಮೆ. ದೊರೆ ಅಳೆಯುವಾಗ ಕೋಟಿನ ತೋಳನ್ನು ಮೊಣಕೈವರೆಗೆ ಮಡಚುತ್ತಾನಂತೆ. ಡಿಸೆಂಬರಿನ ಚಳಿಗೆ, ಬಯಲು ಸ್ಟೇಜಿಗೆ ಅಂತ ಕೇಳಿರಬೇಕು ಅಂದುಕೊಂಡೆ.

ಮೊಮ್ಮಗಳನ್ನೇ ಕರೆದುಕೊಂಡು ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ಗಲ್ಲಿಗೆ ಹೋದೆ. ಅಲ್ಲಿ ಡೈ ಮಾಡುವ ಒಬ್ಬ ಭಾಯ್ ಇದ್ದಾರೆ, ನನ್ನ ವಾರಿಗೆಯವರು. ಅವರ ಉಗುರಿನ ಸಂದಿಯ ಬಣ್ಣ ನೋಡಿಯೇ ಆ ವಾರ ಯಾವ ಸೀರೆ ಜಾಸ್ತಿ ಓಡುತ್ತಿದೆ ಅಂತ ಹೇಳಬಹುದು.

“ಭಾಯ್, ಇವಳಿಗೆ ಬಣ್ಣ ಸ್ವಲ್ಪ ಕಮ್ಮಿ. ಅದಕ್ಕೆ ತಕ್ಕಂಗೆ ಕಲಸ್ಕೊಡಿ” ಎಂದೆ.

ಭಾಯ್ ಕನ್ನಡಕದ ಮೇಲಿಂದ ಅವಳ ಕೈ ನೋಡಿದರು. ನೋಡುತ್ತಲೇ ಒಂದೊಂದೇ ಡಬ್ಬ ಇಳಿಸಿದರು. “ಕಮ್ಮೀನಾ? ಅಕ್ಕಾ, ನೀವು ತಂದಿರೋ ಬಿಳಿ ಬಟ್ಟೆ ಇದ್ಯಲ್ಲ, ಅದು ಬಣ್ಣ ಕಮ್ಮಿ. ಈ ಮಗೂ ಕೈಗೆ ನಾನು ಕಂದು ಹಾಕ್ಬೇಕು, ಹಳದಿ ಹಾಕ್ಬೇಕು, ಕೆಂಪು ಒಂದು ಚಿಟಿಕೆ, ಕರಿ ಒಂದು ಕಾಳಷ್ಟು. ನಾಲ್ಕು ಡಬ್ಬ ತೆಗ್ದಿದೀನಿ ನೋಡಿ. ಇದು ಕಮ್ಮಿ ಹೆಂಗಾಯ್ತು? ಜಾಸ್ತಿ ಬಣ್ಣ!”

“ಹಂಗ್ ಹೇಳಿ ಅಂಕಲ್!” ಎಂದಳು ಮೊಮ್ಮಗಳು. ಮೂವರೂ ನಕ್ಕೆವು. ಆ ಮಾತು ಒಳಗೆ ಇಳಿಯಲು ನನಗೆ ಇನ್ನೂ ಒಂದು ವಾರ ಬೇಕಾಯಿತು.

ಮೊದಲ ಸಲ ಕೆಟ್ಟಿತು. ಕುದಿಯುವ ನೀರಿಗೆ ಉಪ್ಪು ಹಾಕಿ, ಬಟ್ಟೆ ಅದ್ದಿ, ಕೋಲಿನಿಂದ ತಿರುವಿ ತೆಗೆದಾಗ ಅವಳ ಕೈಗೂ ಬಟ್ಟೆಗೂ ವ್ಯತ್ಯಾಸವೇ ಇರಲಿಲ್ಲ. ಆದರೆ ಒದ್ದೆ ಬಟ್ಟೆ ಸುಳ್ಳು ಹೇಳುತ್ತದೆ, ಇದು ನನಗೆ ಗೊತ್ತಿರಬೇಕಿತ್ತು. ಮನೆಗೆ ತಂದು ಒಣಗಿಸಿದರೆ ಎರಡು ಶೇಡು ತೆಳುವಾಗಿ ನಿಂತಿತು. ಮಾರನೆಯ ದಿನ ಇಬ್ಬರೂ ಮತ್ತೆ ಹೋದೆವು. ಈ ಸಲ ಒಂದು ತುಂಡನ್ನು ಮೊದಲು ಅದ್ದಿಸಿ, ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಿ, ಟ್ಯೂಬ್‌ಲೈಟಿನ ಕೆಳಗೆ ಅಲ್ಲ, ಬೀದಿಯ ಬಿಸಿಲಿನಲ್ಲಿ ಅವಳ ಮೊಣಕೈಯ ಹೊರಭಾಗಕ್ಕೆ ಹಿಡಿದು ನೋಡಿದೆವು. ಭಾಯ್ ಇನ್ನೊಂದು ಕಾಳು ಕರಿ ಹಾಕಿದರು. ಆಮೇಲೆ ಬಟ್ಟೆ ಎಲ್ಲಿ ಮುಗಿಯಿತು, ಮೊಮ್ಮಗಳು ಎಲ್ಲಿ ಶುರುವಾದಳು ಅಂತ ನನಗೂ ತಿಳಿಯಲಿಲ್ಲ.

ಮಧ್ಯಾಹ್ನ ಊಟಕ್ಕೂ ಏಳದೆ ಹೊಲಿದೆ. ಬನಿಯನ್ ಬಟ್ಟೆ ಎಳೆದರೆ ಹಿಗ್ಗುತ್ತದೆ, ಸಾದಾ ಹೊಲಿಗೆ ಹಾಕಿದರೆ ದಾರ ಪಟ್ಟನೆ ಕಡಿಯುತ್ತದೆ. ಸಣ್ಣ ಜಿಗ್‌ಜಾಗ್ ಹಾಕಿ, ಕೈಯಗಲ ಹೊಲಿದು ನೋಡಿ, ಮತ್ತೆ ಹೊಲಿದೆ. ಅವಳ ಎಡ ಭುಜ ಬಲಕ್ಕಿಂತ ಕಾಲಿಂಚು ಕೆಳಗೆ. ಅದು ಅಳತೆಪುಸ್ತಕದಲ್ಲಿ ಇಲ್ಲ, ನನ್ನ ಕೈಗೆ ಗೊತ್ತು.

ಶನಿವಾರ ಶಾಲೆಗೆ ಎಲ್ಲ ಬಟ್ಟೆಯನ್ನೂ ಒಯ್ದೆ. ಊರಿನವರ ಪಂಚೆ, ಸೀರೆ, ರುಮಾಲು ನೋಡಿ ಮೇಷ್ಟ್ರು ಸಂತೋಷಪಟ್ಟರು. ಇನ್ನರ್ ಎತ್ತಿ ನೋಡಿ, “ಇದೇನಮ್ಮ? ಸ್ಕಿನ್ ಕಲರ್ ಕೇಳಿದ್ದೆ. ಇದು ಬ್ರೌನ್” ಎಂದರು.

“ಅವಳ ಸ್ಕಿನ್ನೇ ಇದು ಸಾರ್. ಕೈ ಪಕ್ಕ ಇಟ್ಟು ನೋಡಿ, ಗೆರೆ ಕೂಡ ಕಾಣಲ್ಲ.”

ಮೇಷ್ಟ್ರು ನಕ್ಕರು. ಕೆಟ್ಟ ನಗು ಅಲ್ಲ, ಚಿಕ್ಕ ಮಕ್ಕಳು ಲೆಕ್ಕ ತಪ್ಪಿದಾಗ ನಗುತ್ತೇವಲ್ಲ, ಹಾಗೆ. “ಅಮ್ಮಾ, ಅವಳ ಸ್ಕಿನ್ ಕಾಣಬಾರದು ಅಂತಾನೇ ಇನ್ನರ್ ಹಾಕಿಸ್ತಿರೋದು. ಅವಳು ಬಿಳಿಯನ ಪಾರ್ಟು ಅಲ್ವಾ? ಮುಖಕ್ಕೆ, ಬೆರಳಿಗೆ ಮೇಕಪ್‌ನೋರು ಬಳೀತಾರೆ. ಕೈಗೆ, ಕತ್ತಿಗೆ ಬಳಿದ್ರೆ ಕೋಟಿಗೆ ಹತ್ತುತ್ತೆ. ಅದಕ್ಕೆ ಅಂಗಡಿಯಲ್ಲಿ ಸಿಗುತ್ತಲ್ಲ, ನಾರ್ಮಲ್ ಸ್ಕಿನ್ ಕಲರ್, ಅದನ್ನ ಹೊಲ್ಕೊಡಿ.”

ಮೊಮ್ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳು ನೆಲ ನೋಡಲಿಲ್ಲ, ಮೇಷ್ಟ್ರನ್ನೂ ನೋಡಲಿಲ್ಲ. ಗೋಡೆಯ ಮೇಲಿನ ಟೈಮ್‌ಟೇಬಲ್ ಓದುತ್ತಾ ನಿಂತಳು.

“ಮುಂದಿನ ಶನಿವಾರ ಪ್ರೋಗ್ರಾಂ. ಬುಧವಾರ ಫುಲ್ ಡ್ರೆಸ್ ರಿಹರ್ಸಲ್. ಆಗಲ್ಲ ಅಂದ್ರೆ ಹೇಳಿ, ಡೈಲಾಗ್ ಕಲಿತಿರೋ ಇನ್ನೊಂದು ಮಗು ರೆಡಿ ಇದೆ. ಅದಕ್ಕೆ ಇನ್ನರ್ರೇ ಬೇಡ” ಎಂದರು.

ಆ ಇನ್ನೊಂದು ಮಗುವಿಗೆ ಇನ್ನರ್ ಯಾಕೆ ಬೇಡ ಅಂತ ಕೇಳುವಷ್ಟು ದಡ್ಡಿ ನಾನಲ್ಲ. “ಆಗುತ್ತೆ ಸಾರ್, ಯಾಕಾಗಲ್ಲ” ಅಂದೆ. ಸತ್ಯ ಹೇಳುತ್ತೇನೆ, ಆಗ ನನಗೆ ಸಿಟ್ಟು ಬರಲಿಲ್ಲ. ಪಾರ್ಟು ತಪ್ಪಿಹೋದರೆ ಅನ್ನುವ ಹೆದರಿಕೆ ಮಾತ್ರ ಬಂತು.

ಭಾನುವಾರ ಅಂಗಡಿಯ ಸ್ಕಿನ್ ಕಲರ್ ಬಟ್ಟೆ ತಂದು ಹೊಲಿದೆ. ಒಂದೇ ಕೂಡಿಕೆಯಲ್ಲಿ ಸರಿಯಾಯಿತು, ಹಿಂದಿನದರ ಅಳತೆ ಕೈಯಲ್ಲೇ ಇತ್ತಲ್ಲ. ಸೋಮವಾರ ಶಾಲೆಯಿಂದ ಬಂದವಳಿಗೆ ತೊಡಿಸಿ, ಮೇಲೆ ಕೋಟು ಹಾಕಿ, ಕನ್ನಡಿಯ ಮುಂದೆ ನಿಲ್ಲಿಸಿದೆ.

“ಹೇಳು, ಡೈಲಾಗ್ ಹೇಳು. ಕೋಟಿನ ಕಂಕುಳು ಹಿಡಿಯುತ್ತಾ ನೋಡೋಣ.”

ಅವಳು ಕೋಟಿನ ತೋಳು ಮಡಚಿದಳು. ಬಟ್ಟೆಯೊಳಗಿಂದ ಯಾರದೋ ಕೈ ಹೊರಗೆ ಬಂತು. ಅದರ ತುದಿಯಲ್ಲಿ ಅವಳ ಬೆರಳುಗಳು. “ಸಾಲಾಗಿ ನಿಲ್ಲಿ. ಒಬ್ಬೊಬ್ಬರಾಗಿ ಬನ್ನಿ” ಎಂದಳು. ಎದುರಿನ ಬೇಕರಿ ಹೋಗಲಿ, ಮೆಷಿನ್ನಿನ ಆಚೆ ಕೂತಿದ್ದ ನನಗೇ ಅದು ಸರಿಯಾಗಿ ಕೇಳಿಸಲಿಲ್ಲ.

“ಜೋರಾಗಿ ಹೇಳೇ.”

“ಇಷ್ಟೇ ಬರ್ತಿರೋದು ಅಜ್ಜಿ.”

“ಕತ್ತು ಬಿಗೀತಾ? ಸಡಿಲ ಮಾಡ್ಲಾ?”

“ಬಿಗಿ ಇಲ್ಲ.” ಕನ್ನಡಿಯಲ್ಲಿ ಆ ಕೈ ನೋಡಿಕೊಂಡು, “ಸರಿಯಾಗೇ ಇದೆ. ಅದೇ ತೊಂದ್ರೆ” ಎಂದಳು.

ಅಷ್ಟರಲ್ಲಿ ಇತಿಹಾಸದ ಮೇಡಂ ಸ್ಕೂಟರಿನಲ್ಲಿ ಬಂದಿಳಿದರು. ನಾಟಕದಲ್ಲಿ ದೊರೆ ಹಿಡಿಯುವ ಬಣ್ಣದ ಕಾರ್ಡಿಗೆ ನನ್ನ ಹಳೆಯ ಶೇಡ್ ಕಾರ್ಡ್ ಕೊಡುತ್ತೇನೆ ಅಂತ ಹೇಳಿ ಕಳಿಸಿದ್ದೆ, ಒಯ್ಯಲು ಬಂದಿದ್ದರು. ಅವರ ಕಣ್ಣು ಮೊದಲು ಮೊಮ್ಮಗಳ ಕೈ ಮೇಲೆ ಬಿತ್ತು. “ಇದೇನಮ್ಮ ಇದು?” ಎಂದರು. ಮೇಷ್ಟ್ರು ಹೇಳಿದ್ದನ್ನು ಹೇಳಿದೆ. ಮೇಡಂ ಸ್ಟೂಲಿನ ಮೇಲೆ ಕೂತುಬಿಟ್ಟರು.

“ನಂಗೆ ಗೊತ್ತೇ ಇರ್ಲಿಲ್ಲ” ಎಂದರು. “ಸ್ಟೇಜಿನ ವಿಷಯದಲ್ಲಿ ಅವರದ್ದೇ ಕೊನೇ ಮಾತು. ಕೇಳಿದ್ರೆ, ಮೇಡಂ ನೀವು ಪಾಠ ನೋಡ್ಕೊಳ್ಳಿ ಅಂತಾರೆ. ಆದ್ರೆ ಇದೇ ಪಾಠ ಅಲ್ವೇನಮ್ಮ? ಬುಕ್ಕಲ್ಲಿ ಏನಿದೆ? ಬಂದ್ರು, ರೈಲು ಹಾಕಿದ್ರು, ತೆರಿಗೆ ಹಾಕಿದ್ರು, ಹೋರಾಟ ಆಯ್ತು, ಹೋದ್ರು. ಹೋದ್ರು ಅಂತ ಬರೆದ್ರೆ ಮಾರ್ಕ್ಸು. ಮೂಗು ಅಳೆದಿದ್ದು, ಬಣ್ಣಕ್ಕೆ ನಂಬರ್ ಕೊಟ್ಟಿದ್ದು ಪರೀಕ್ಷೆಗೆ ಬರಲ್ಲ. ಅದಕ್ಕೇ ನಾಟಕ ಬರೆದೆ.”

ನಾನು ಪೆಟ್ಟಿಗೆಯಿಂದ ಶೇಡ್ ಕಾರ್ಡ್ ತೆಗೆದೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಸೆಕ್ಷನ್ನಿನಲ್ಲಿದ್ದಾಗ ಹಳೆಯದಾಯಿತೆಂದು ಬಿಸಾಡಿದ್ದನ್ನು ಎತ್ತಿಟ್ಟುಕೊಂಡಿದ್ದೆ. ಹೊರದೇಶದವರು ಕಳಿಸಿದ ಕಾರ್ಡು, ಪ್ರತಿ ಬಣ್ಣದ ತುಂಡಿನ ಕೆಳಗೆ ಇಂಗ್ಲಿಷಿನಲ್ಲಿ ಹೆಸರು. ಮೇಡಂ ಒಂದರ ಮೇಲೆ ಬೆರಳಿಟ್ಟು ಓದಿದರು, “ಸ್ಕಿನ್.” ಅದೇ ಹಾಲು ಚಹಾ, ಅದೇ ಗುಲಾಬಿ.

ಆ ಬಣ್ಣದ ಒಳ ಉಡುಪು ಸಾವಿರಗಟ್ಟಲೆ ನನ್ನ ಕೈ ದಾಟಿ ಹೋಗಿದೆ. ನಮ್ಮ ಟೇಬಲ್ಲಿನಲ್ಲಿ ಬೇಗೂರಿನವರಿದ್ದರು, ಕನಕಪುರದವರಿದ್ದರು, ಹೊಸೂರಿನ ತಮಿಳು ಹೆಂಗಸರಿದ್ದರು. ಇಡೀ ಟೇಬಲ್ಲಿನಲ್ಲಿ ಆ ಬಣ್ಣದ ಕೈ ಒಂದೂ ಇರಲಿಲ್ಲ. ಎಲ್ಲರೂ ‘ಸ್ಕಿನ್ ಪೀಸ್ ಕೊಡೇ, ಸ್ಕಿನ್ ದಾರ ಕೊಡೇ’ ಅಂತಿದ್ದೆವು. ಯಾರ ಸ್ಕಿನ್ನು ಅಂತ ಒಂದು ದಿನ ಒಬ್ಬಳೂ ಕೇಳಲಿಲ್ಲ.

“ಹಂಗಾದ್ರೆ ಈ ಬಣ್ಣದ ಹುಚ್ಚೆಲ್ಲ ಅವರೇ ಕಲಿಸಿ ಹೋಗಿದ್ದಾ ಮೇಡಂ?” ಎಂದೆ.

“ಎಲ್ಲಾ ಅವರದ್ದೇ ಅಂದ್ಬಿಟ್ರೆ ನಾವು ಸುಲಭವಾಗಿ ತಪ್ಪಿಸ್ಕೊಂಡಂಗಾಗುತ್ತೆ. ಮೇಲು ಕೀಳು ನಮ್ಮಲ್ಲಿ ಮೊದ್ಲೇ ಇತ್ತಲ್ಲ. ಅವರು ಅದಕ್ಕೆ ಟೇಪು ಹಿಡಿದ್ರು, ನಂಬರ್ ಕೊಟ್ರು, ಇದು ವಿಜ್ಞಾನ ಅಂತ ಬರೆದ್ರು. ಅವರು ಹೋದ್ಮೇಲೂ ಬರೆದಿದ್ದು ಉಳ್ಕೊಂತು. ಟೇಪು ನಮ್ಮ ಕೈಗೆ ಬಂತು.”

ಮೇಡಂ ಯಾವ ಟೇಪಿನ ಮಾತಾಡಿದರೋ, ನಾನು ನನ್ನ ಕತ್ತಿನಲ್ಲಿ ನೇತಾಡುತ್ತಿದ್ದ ಟೇಪನ್ನು ತೆಗೆದು ಮೇಜಿನ ಮೇಲಿಟ್ಟೆ.

ಅವರು ಹೋದ ಮೇಲೆ ಮೊಮ್ಮಗಳು ಕಟಿಂಗ್ ಟೇಬಲ್ಲಿನ ತುದಿಯಲ್ಲಿ ಹೋಮ್‌ವರ್ಕಿಗೆ ಕೂತಳು. ಇನ್ನರ್ ಇನ್ನೂ ಬಿಚ್ಚಿರಲಿಲ್ಲ. ನಾನು ಅವಳ ಕಿವಿ ನೋಡುತ್ತಿದ್ದೆ. ನಮ್ಮ ಕಡೆ ಹೆಂಗಸರಲ್ಲಿ ಒಂದು ಅಭ್ಯಾಸವಿದೆ. ಹುಟ್ಟಿದ ಮಗು ಕೆಂಪಗೇ ಇರುತ್ತದೆ, ಮುಂದೆ ಏನು ಬಣ್ಣ ಬರುತ್ತದೆ ಅಂತ ಕಿವಿಯ ಅಂಚು ಮಡಚಿ ನೋಡುತ್ತಾರೆ. ಇವಳು ಹುಟ್ಟಿದ ದಿನ, ಆಸ್ಪತ್ರೆಯಲ್ಲಿ ಮಗಳ ಕೈಯಿಂದ ಇವಳನ್ನು ಎತ್ತಿಕೊಂಡು ನಾನು ಮೊದಲು ಮಾಡಿದ ಕೆಲಸ ಅದು. ಮುಖ ನೋಡುವ ಮೊದಲು ಕಿವಿ ನೋಡಿದ್ದೆ.

“ನಿಂಗೊಂದು ವಿಷಯ ಹೇಳ್ಬೇಕು ಕಣೇ. ನೀನು ಹುಟ್ಟಿದಾಗ…”

“ಕಿವಿ ವಿಷಯಾನಾ?” ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. “ಗೊತ್ತು.”

“ಯಾರು ಹೇಳಿದ್ರು?”

“ನೀನೇ. ಪ್ರತಿ ಬರ್ತ್‌ಡೇಗೂ ಹೇಳ್ತೀಯಲ್ಲ. ‘ಕಿವಿ ನೋಡಿದ ತಕ್ಷಣ ಗೊತ್ತಾಯ್ತು ನಂಗೆ, ಬಣ್ಣ ಕಮ್ಮಿ, ಆದ್ರೂ ಲಕ್ಷಣವಾಗಿದಾಳೆ’ ಅಂತ. ಎಲ್ಲಾರೂ ನಗ್ತಾರೆ. ನಾನೂ ನಗ್ತೀನಿ.”

ನಾನು ಮುದ್ದಿಗೆ ಅಂತ ಹೇಳುತ್ತಿದ್ದ ಮಾತು ಅದು. ಹದಿಮೂರು ವರ್ಷ, ಕೇಕು ಕತ್ತರಿಸುವಾಗಲೆಲ್ಲ ಹೇಳಿದ್ದೇನೆ. ‘ಆದ್ರೂ’ ಅನ್ನುವ ಆ ಒಂದು ಮಾತನ್ನು ಅವಳು ಎಣಿಸಿಟ್ಟುಕೊಂಡಿದ್ದಾಳೆ ಅಂತ ನನಗೆ ಹೇಗೆ ಗೊತ್ತಾಗಬೇಕು? ದೊರೆಯಾದರೂ ಪರದೇಶದಿಂದ ಹಡಗು ಹತ್ತಿ ಬಂದು ಅಳೆದ. ನಾನು ಮನೆಯಲ್ಲೇ ಕೂತು ಅಳೆದಿದ್ದೆ.

ಕಣ್ಣೀರು ಹಾಕಲು ಹೊತ್ತಿರಲಿಲ್ಲ, ಬುಧವಾರಕ್ಕೆ ರಿಹರ್ಸಲ್. “ತೆಗಿ ಅದನ್ನ” ಎಂದೆ. ಅವಳು ಇನ್ನರ್ ತೆಗೆದುಕೊಟ್ಟಳು. ಡ್ರಾಯರಿನಿಂದ ಬ್ಲೇಡು ತೆಗೆದು ಭುಜದ ಕೂಡಿಕೆಗೆ ಇಟ್ಟೆ.

“ಅಜ್ಜೀ! ಪಾರ್ಟು ಹೋಗುತ್ತೆ!” ಈಗ ಬಂತು ಅವಳ ದನಿ. ಪೂರ್ತಿ ದನಿ.

“ಹೋಗದಂಗೆ ಮಾಡೋಣ. ಮೇಷ್ಟ್ರು ಹೇಳೋದ್ರಲ್ಲೂ ಒಂದು ಮಾತು ಸರಿ ಇದೆ. ನೋಡೋರು ನಂಬ್ಬೇಕು, ಇವನು ದೊರೆ ಅಂತ. ಚರ್ಮ ಬೇಡ ಅಂದ್ರೆ ಬೇರೆ ಯಾವುದರಿಂದ ನಂಬಿಸೋದು, ಅದನ್ನ ಯೋಚನೆ ಮಾಡು.” ಜಿಗ್‌ಜಾಗ್ ಹೊಲಿಗೆ ಬಿಚ್ಚುವುದು ಕಷ್ಟ. ಒಂದೊಂದೇ ಕುಣಿಕೆ ಕತ್ತರಿಸಬೇಕು. ಎರಡು ತೋಳೂ ಬೇರೆಯಾಗುವ ಹೊತ್ತಿಗೆ ನನಗೆ ದಾರಿ ಹೊಳೆದಿತ್ತು.

ಕೆಲವು ವರ್ಷದ ಹಿಂದೆ ನಾನೊಂದು ಮದುವೆ ಗಂಡಿನ ಶೇರ್ವಾನಿ ಕೆಡಿಸಿದ್ದೆ. ಕಾಲರ್ ನಿಲ್ಲಲಿ ಅಂತ ಒಳಗೆ ರಟ್ಟಿನಂತೆ ಬಿರುಸಾದ ಬಕ್ರಮ್ ಬಟ್ಟೆಯನ್ನು ಎರಡು ಪದರ ಕೊಟ್ಟು, ಎತ್ತರವನ್ನೂ ಜಾಸ್ತಿ ಮಾಡಿಬಿಟ್ಟಿದ್ದೆ. ಪಾಪ, ಆ ಹುಡುಗನಿಗೆ ಕತ್ತು ಬಗ್ಗಲಿಲ್ಲ. ಹೆಂಡತಿಗೆ ಕಾಲುಂಗುರ ತೊಡಿಸುವಾಗ ಕೆಳಗೆ ನೋಡಲಾಗದೆ ಬೆರಳು ತಡಕಾಡಿದನಂತೆ. ಅವನ ತಾಯಿ ಬಂದು, “ಏನ್ರೀ, ನನ್ನ ಮಗ ಮಂಟಪದಲ್ಲಿ ಎಲ್ಲರನ್ನೂ ಮೂಗಿನ ತುದಿಯಿಂದ ನೋಡ್ತಾ ಕೂತಿದ್ದ, ದೊಡ್ಡ ದೊರೆ ಥರ!” ಎಂದು ಬೈದು ಹೋಗಿದ್ದರು.

ದೊರೆ ಥರ! ಆ ಬೈಗುಳ ಈಗ ಕೆಲಸಕ್ಕೆ ಬಂತು. ಕೋಟಿನ ಮೆತ್ತನೆಯ ಕಾಲರ್ ಕಿತ್ತು ಹಾಕಿದೆ. ಹೊಸದನ್ನು ಎರಡಿಂಚು ಎತ್ತರಕ್ಕೆ ಕತ್ತರಿಸಿ, ಒಳಗೆ ಎರಡು ಪದರ ಬಕ್ರಮ್ ಇಟ್ಟು, ಇಸ್ತ್ರಿಯಲ್ಲಿ ಅಂಟಿಸಿ, ಮುಂದೆ ಎರಡು ಹುಕ್ಕು ಹಾಕಿದೆ. ಭುಜಕ್ಕೆ ಪ್ಯಾಡು ಕೊಟ್ಟೆ, ಎಡಕ್ಕೆ ಕಾಲಿಂಚು ಜಾಸ್ತಿ. ಬೆನ್ನಿಗೆ ಕ್ಯಾನ್ವಾಸ್ ಹಾಕಿದೆ, ಕೂತರೂ ಗೂನು ಬೀಳದ ಹಾಗೆ. ಮಂಗಳವಾರ ಸಂಜೆ ತೊಡಿಸಿ ಹುಕ್ಕು ಹಾಕಿದ ಕ್ಷಣ ಮೊಮ್ಮಗಳ ಗಲ್ಲ ತಾನಾಗಿ ಮೇಲೆದ್ದಿತು. ನನ್ನನ್ನು ನೋಡಬೇಕೆಂದರೆ ಕಣ್ಣನ್ನಷ್ಟೇ ಕೆಳಗಿಳಿಸಬೇಕು. ತೋಳು ಮಡಚಿದಳು. ಅವಳದೇ ಕೈ.

“ಏ ಮುದುಕಿ” ಎಂದಳು ಮೂಗಿನ ತುದಿಯಿಂದ, “ಸಾಲಿನಲ್ಲಿ ನಿಲ್ಲು.”

ನನಗೆ ನಿಜವಾಗಲೂ ಒಂದು ಹೆಜ್ಜೆ ಹಿಂದಕ್ಕೆ ಇಡುವ ಹಾಗಾಯಿತು.

ಬುಧವಾರ ನಾನೂ ಶಾಲೆಗೆ ಹೋದೆ. ಬಿಚ್ಚಿದ ಎರಡು ತೋಳುಗಳನ್ನು ಮೇಷ್ಟ್ರ ಮುಂದೆ ಇಟ್ಟೆ. ಅವರ ಮುಖ ಬಿಗಿಯಿತು. “ಏನಮ್ಮ ಇದು, ನಾಲ್ಕು ದಿನ ಇಟ್ಕೊಂಡು?”

“ಸಾರ್, ಒಂದೇ ಒಂದು ಸೀನ್ ನೋಡಿ. ಮುಖಕ್ಕೂ ಏನೂ ಬಳೀಬೇಡಿ. ನಿಮಗೆ ದೊರೆ ಕಾಣ್ಲಿಲ್ಲ ಅಂದ್ರೆ ಇಲ್ಲೇ ಕೂತು ಈ ತೋಳು ವಾಪಸ್ ಕೂಡಿಸ್ತೀನಿ. ಸೂಜಿ ದಾರ ತಂದಿದೀನಿ.”

“ಅವಳು ಹಾಕ್ಕೊಳಲ್ಲ ಅಂದ್ರೆ?”

“ಆಗ ಪಾರ್ಟು ಆ ಇನ್ನೊಂದು ಮಗೂಗೆ ಕೊಡಿ. ಕೋಟು ಅದಕ್ಕೂ ನಾನೇ ಹಿಡಿಸ್ಕೊಡ್ತೀನಿ.” ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. ಬೇಡ ಅನ್ನಲಿಲ್ಲ.

ಸೀನ್ ಶುರುವಾಯಿತು. ಹದಿನಾಲ್ಕು ಮಕ್ಕಳು ಊರಿನವರಾಗಿ ಗಲಾಟೆ ಮಾಡುತ್ತಿದ್ದರು. ಅವಳು ಪಕ್ಕದಿಂದ ನಡೆದು ಬಂದಳು, ಕತ್ತು ತಿರುಗದೆ, ಬೆನ್ನು ಬಗ್ಗದೆ. ಹುಡುಗಾಟದ ಮಕ್ಕಳು ಯಾರೂ ಹೇಳದೆಯೇ ಸುಮ್ಮನಾಗಿ ಸಾಲು ನಿಂತರು. ಮೇಷ್ಟ್ರು ನೋಟ್‌ಬುಕ್ ಮುಚ್ಚಿದರು. ಸೀನ್ ಮುಗಿದ ಮೇಲೆ ಅವರು ಅವಳ ಹತ್ತಿರ ಹೋದರು. ಕಾಲರ್ ಮುಟ್ಟಿ ನೋಡಿ, ನನ್ನ ಕಡೆ ತಿರುಗಿ, “ಒಳಗೇನಿಟ್ಟಿದೀರಮ್ಮ?” ಎಂದರು.

“ಬಕ್ರಮ್ ಸಾರ್. ಎರಡು ಪದರ.”

“ನಾನು ಎರಡು ತಿಂಗಳಿಂದ ಕತ್ತೆತ್ತು, ಕತ್ತೆತ್ತು ಅಂತ ಹೇಳ್ತಿದ್ದೆ” ಎಂದು ತಲೆ ಕೆರೆದುಕೊಂಡರು. “ಇರ್ಲಿ ಬಿಡಿ. ಹಿಂಗೇ ಇರ್ಲಿ.”

ಆ ತೋಳುಗಳನ್ನು ಮೇಡಂ ಕೇಳಿ ತೆಗೆದುಕೊಂಡರು, ನಾನು ಮೊದಲು ಹೊಲಿದ ಕಂದು ಇನ್ನರನ್ನೂ ತರಿಸಿಕೊಂಡರು. ಗುರುವಾರದ ಇತಿಹಾಸದ ಪೀರಿಯಡ್ಡಿನಲ್ಲಿ ಎರಡನ್ನೂ ಮೇಜಿನ ಮೇಲಿಟ್ಟು, “ಇದ್ರಲ್ಲಿ ಸ್ಕಿನ್ ಕಲರ್ ಯಾವುದು?” ಎಂದರಂತೆ. ಇಡೀ ಕ್ಲಾಸು ಹಾಲು ಚಹಾದ ಕಡೆ ಕೈ ತೋರಿಸಿತಂತೆ. ಮೊಮ್ಮಗಳು ನಿಜ ಹೇಳಿದಳು, ತಾನೂ ಅಭ್ಯಾಸಬಲದಿಂದ ಅರ್ಧ ಕೈ ಎತ್ತಿದಳಂತೆ. ಆಮೇಲೆ ಮೇಡಂ, “ಈಗ ಬಂದು ನಿಮ್ಮ ಕೈ ಪಕ್ಕ ಇಟ್ಟು ನೋಡಿ” ಎಂದರಂತೆ. ಒಬ್ಬೊಬ್ಬರಾಗಿ ಬಂದು ಇಟ್ಟು ನೋಡಿ ಹೋದರಂತೆ. ಬೆಲ್ ಹೊಡೆದರೂ ಸಾಲು ಮುಗಿದಿರಲಿಲ್ಲ.

ಶನಿವಾರ ಸಂಜೆ ಮೈದಾನ ತುಂಬಿತ್ತು. ನಾನು ಮಗಳ ಜೊತೆ ಮೂರನೇ ಸಾಲಿನಲ್ಲಿ ಕೂತಿದ್ದೆ, ಮಡಿಲಲ್ಲಿ ಸೂಜಿ ದಾರದ ಡಬ್ಬಿ ಹಿಡಿದು. ದೊರೆ ಬಂದ, ಕೋಟಿನ ತೋಳು ಮಡಚಿದ, ಶೇಡ್ ಕಾರ್ಡ್ ಎತ್ತಿ ಹಿಡಿದ. ಹಿಂದಿನ ಸಾಲಿನಿಂದ ಯಾರೋ ಒಬ್ಬ ದೊಡ್ಡವನು, “ಗುರೂ, ದೊರೆ ಬಿಸ್ಲಲ್ಲಿ ಒಣಗಿಬಿಟ್ಟವ್ನೆ!” ಎಂದ. ನಗು ಎದ್ದಿತು. ಅಲ್ಲಿಂದ ಇಲ್ಲಿಗೆ ಹರಡಿತು. ಮಗಳು ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು.

ಮೊಮ್ಮಗಳು ಮಾತು ನಿಲ್ಲಿಸಿದಳು. ಆ ಕಾಲರಿನಲ್ಲಿ ಕತ್ತು ತಿರುಗುವುದಿಲ್ಲವಲ್ಲ, ಹಾಗಾಗಿ ಇಡೀ ಮೈಯನ್ನೇ ನಿಧಾನವಾಗಿ ನಗುವಿನ ಕಡೆ ತಿರುಗಿಸಿದಳು. ಗಲ್ಲ ಮೇಲೆ, ಕಣ್ಣು ಕೆಳಗೆ. ಹಿತ್ತಾಳೆಯ ಕೈವಾರ ಎತ್ತಿ ತೋರಿಸಿದಳು.

“ಅಲ್ಲಿ ನಗುವವನನ್ನು ಕರೆದು ತನ್ನಿ. ಅವನ ಮೂಗನ್ನೂ ಅಳೆಯಬೇಕು.”

ಇದು ಮೇಡಂ ಬರೆದ ಮಾತಲ್ಲ. ಮೈಕ್ ಬೇಕಿರಲಿಲ್ಲ ಅದಕ್ಕೆ. ನಗು ತಟ್ಟನೆ ನಿಂತಿತು. ಒಂದಿಬ್ಬರು ಹೆಂಗಸರು ತಿಳಿಯದೆ ತಮ್ಮ ಮೂಗು ಮುಟ್ಟಿಕೊಂಡರು, ನಾನೇ ನೋಡಿದೆ. ಆಮೇಲೆ ಮುದುಕಿಯ ವೇಷದ ಮಗು ಕೋಲೂರಿಕೊಂಡು ಬಂದು ಕೊನೆಯ ಮಾತು ಕೇಳಿತು. ಪರದೆ ಬಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು. ನನ್ನ ಡಬ್ಬಿ ಉರುಳಿ ಗುಂಡುಸೂಜಿಯೆಲ್ಲ ಹುಲ್ಲಿಗೆ ಚೆಲ್ಲಿತು.

ಸ್ಟೇಜಿನ ಹಿಂದೆ ಹೋದರೆ ಅವಳು ಕಂಬದ ಹಾಗೆ ನಿಂತಿದ್ದಳು. ಸುತ್ತ ಮಕ್ಕಳು.

“ಅಜ್ಜೀ, ಬೇಗ ಹುಕ್ ಬಿಚ್ಚು. ಕತ್ತು ಬಗ್ತಿಲ್ಲ.”

ಬಿಚ್ಚಿದೆ. ಬಕ್ರಮಿನ ಅಂಚು ಕತ್ತಿನ ಸುತ್ತ ಗೆರೆ ಎಳೆದಿತ್ತು. ಕಾಲರ್ ಸಡಿಲವಾದದ್ದೇ ಅವಳ ತಲೆ ಮುಂದಕ್ಕೆ ಬಿದ್ದು ನನ್ನ ಭುಜದ ಮೇಲೆ ಒರಗಿತು. ಬೆವರಿನ ವಾಸನೆ, ಹೊಸ ಡ್ರಿಲ್ ಬಟ್ಟೆಯ ಗಂಜಿಯ ವಾಸನೆ. ಅವಳ ಕಿವಿ ನನ್ನ ಬಾಯಿಯ ಪಕ್ಕದಲ್ಲೇ ಇತ್ತು.

“ನಾಲ್ಕು ಡಬ್ಬ ಬಣ್ಣ ಕಣೇ ನೀನು” ಎಂದೆ ಅದರೊಳಗೆ.

ಅವಳು ನಕ್ಕ ನಗು ಬನಶಂಕರಿಯ ಬೇಕರಿವರೆಗೂ ಕೇಳಿಸಿರಬೇಕು.